ಪೇಟೆ ಬೀದಿ ಅಗೆಯುವ ಮುಂಚೆ ಕೇಳಬೇಕಾದ ಕಾಗದ

ಸಿವಿಲ್ ಎಂಜಿನಿಯರ್ ಆಗಿ ನಾನು ಜಾಸ್ತಿ ಬರೆದದ್ದು ಕಾಮಗಾರಿಗಳ ಅಂದಾಜು ವೆಚ್ಚದ ಪಟ್ಟಿ. ರಸ್ತೆ, ಚರಂಡಿ, ಫುಟ್‌ಪಾತ್, ಮಾರುಕಟ್ಟೆ. ಈಗ ಮೈಸೂರಿನ ಅಂಗಡಿಯವರು, ಬಡಾವಣೆಯವರು ಕರೆದಾಗ ಅದೇ ಪಟ್ಟಿಗಳನ್ನು ಓದಿ, ಬಿಡಿಸಿ ಹೇಳುತ್ತೇನೆ. ಪೇಟೆ ಅಭಿವೃದ್ಧಿಯ ದುಡ್ಡಿನ ಬಗ್ಗೆ ನಡೆಯುವ ಸಭೆಗಳಲ್ಲಿ ಕೇಳುವ ಮಾತು ಹೆಚ್ಚುಕಡಿಮೆ ಒಂದೇ. "ಎಲ್ಲಾ ದುಡ್ಡೂ ಅರಮನೆ ಸುತ್ತ ಸುರೀತಾರೆ ಸಾರ್, ಸಂತೇಪೇಟೆ ಕಡೆ ಯಾರೂ ತಿರುಗಿ ನೋಡಲ್ಲ" ಅಂತ ಒಬ್ಬರು. ಪ್ರವಾಸಿಗರು ಬರುವುದೇ ಅರಮನೆಗೆ ಅಲ್ವಾ, ಅವರು ಬಂದರೆ ತಾನೇ ನಮಗೂ ವ್ಯಾಪಾರ ಅಂತ ಇನ್ನೊಬ್ಬರು. ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ಆ ಹೊತ್ತಿಗೆ ಟೆಂಡರ್ ಮುಗಿದು, ಬೀದಿ ತುದಿಯಲ್ಲಿ ಜೆಸಿಬಿ ಬಂದು ನಿಂತಿರುತ್ತದೆ.

ದುಡ್ಡು ಯಾವ ಬೀದಿಗೆ ಅನ್ನುವುದು ಅದಕ್ಕೆ ಎಷ್ಟೋ ತಿಂಗಳ ಮುಂಚೆ ತೀರ್ಮಾನ ಆಗಿರುತ್ತದೆ. ಆ ತೀರ್ಮಾನ ಇರುವ ಕಾಗದಕ್ಕೆ ಕ್ರಿಯಾ ಯೋಜನೆ ಅಂತ ಹೆಸರು. ಯಾವ ಕಾಮಗಾರಿ, ಎಲ್ಲಿ, ಎಷ್ಟು ಲಕ್ಷ, ಯಾವ ಅನುದಾನದಿಂದ ಅಂತ ಸಾಲುಸಾಲಾಗಿ ಬರೆದ ಪಟ್ಟಿ ಅದು. ಅದಕ್ಕೆ ಮಂಜೂರಾತಿ ಸಿಕ್ಕ ಮೇಲೆ ವಿವರವಾದ ಅಂದಾಜು, ತಾಂತ್ರಿಕ ಒಪ್ಪಿಗೆ, ಟೆಂಡರ್, ಕೊನೆಗೆ ಕೆಲಸ ಶುರು ಮಾಡಿ ಅಂತ ಗುತ್ತಿಗೆದಾರರಿಗೆ ಕಾರ್ಯಾದೇಶ. ಒಂದೊಂದು ಹೆಜ್ಜೆ ದಾಟಿದಂತೆ ಬದಲಾವಣೆ ಕಷ್ಟ. ಕಾರ್ಯಾದೇಶ ಕೊಟ್ಟ ಮೇಲೆ ಕಲ್ಲಿನ ಬಣ್ಣ ಬೇಕಾದರೆ ಬದಲಾಯಿಸಬಹುದು, ಬೀದಿಯನ್ನಲ್ಲ.

ಇನ್ನೊಂದು ವಿಷಯ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ಪಾಲಿಕೆಗೆ ಬರುವ ದುಡ್ಡು ಒಂದೇ ಗಂಟಲ್ಲ. ಒಂದೊಂದಕ್ಕೂ ಒಂದೊಂದು ಚೀಟಿ ಅಂಟಿರುತ್ತದೆ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ. ಮೈಸೂರಿನಂಥ, 2011ರ ಜನಗಣತಿಯಲ್ಲಿ ಹತ್ತು ಲಕ್ಷದೊಳಗಿದ್ದ ನಗರಗಳಿಗೆ 2021ರಿಂದ 2026ರವರೆಗಿನ ಅವಧಿಗೆ ಅದರ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಅದರಲ್ಲಿ ಅಲಂಕಾರದ ದೀಪದ ಕಂಬ ಹಾಕುವ ಹಾಗಿಲ್ಲ. ಪ್ರವಾಸೋದ್ಯಮದ ದುಡ್ಡು ಬಂದರೆ ಅದನ್ನು ಗಲ್ಲಿಯ ಒಳಚರಂಡಿಗೆ ಸುರಿಯುವ ಹಾಗಿಲ್ಲ. ಪಾಲಿಕೆಯ ಸ್ವಂತ ದುಡ್ಡಿನಲ್ಲೂ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರ ಹಿಂದುಳಿದ ಬಡವರಿಗೆ, ಶೇ 5 ಅಂಗವಿಕಲರಿಗೆ ಅಂತ ತೆಗೆದಿಡಬೇಕು. ಇದು ಯಾರೂ ಮುಟ್ಟಬಾರದ ಪಾಲು, ಮುಟ್ಟಬಾರದು ಅಂತಲೇ ನನ್ನ ಮಾತು. ಹಾಗಾಗಿ "ಆ ದುಡ್ಡು ಇಲ್ಲಿಗೆ ಯಾಕೆ ಹಾಕಲಿಲ್ಲ" ಅಂತ ಕೇಳುವ ಮುಂಚೆ "ಅದು ಯಾವ ದುಡ್ಡು" ಅಂತ ಕೇಳಬೇಕು. ನಿಜವಾಗಿ ಜಗ್ಗಾಡಲು ಸಿಗುವುದು ಚೀಟಿ ಇಲ್ಲದ ದುಡ್ಡು. ಅದು ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ.

ನಾನು ಮಾಡಿದ ಒಂದು ತಪ್ಪು ಇವತ್ತಿಗೂ ಚುಚ್ಚುತ್ತದೆ. ಮಂಡ್ಯ ಕಡೆಯ ಒಂದು ಊರಿನ ಪೇಟೆ ಬೀದಿ. ಸೌಂದರ್ಯೀಕರಣ ಅಂತ ಬಂದ ಅನುದಾನ. ಹಳೇ ಫುಟ್‌ಪಾತ್ ಮೇಲೆಯೇ ಜಲ್ಲಿ, ಅದರ ಮೇಲೆ ಕಲ್ಲು ಅಂತ ಅಂದಾಜು ಬರೆದೆ. ಕೆಳಗಿನ ಚರಂಡಿ ಬೇರೆ ಅನುದಾನದಲ್ಲಿ ಬರುತ್ತದೆ ಅಂದಿದ್ದರು, ನಾನೂ ನಂಬಿ ಸಹಿ ಹಾಕಿದೆ. ಆ ಅನುದಾನ ಬರಲೇ ಇಲ್ಲ. ಅಂಗಡಿಗಳ ಹೊಸ್ತಿಲಿಗಿಂತ ಫುಟ್‌ಪಾತ್ ಒಂದು ಗೇಣು ಮೇಲೆ ಬಂತು. ಮೊದಲ ದೊಡ್ಡ ಮಳೆಗೆ ಜವಳಿ ಅಂಗಡಿಯೊಳಗೆ ನೀರು. ಸೀರೆ ಕಟ್ಟುಗಳನ್ನು ಹೊರಗೆ ಒಣಹಾಕುತ್ತಿದ್ದ ಯಜಮಾನರು ಕೇಳಿದ್ದು ಒಂದೇ ಮಾತು: "ಮಳೆ ನೀರು ಎಲ್ಲಿಗೆ ಹೋಗ್ಬೇಕು ಅಂತ ಒಂದ್ಸಲ ನಮ್ಮನ್ನ ಕೇಳಬಾರದಿತ್ತಾ ಸ್ವಾಮಿ?" ಕೇಳಬೇಕಿತ್ತು. ಆ ಬೀದಿಯಲ್ಲಿ ಮೂವತ್ತು ವರ್ಷ ಕೂತವರಿಗೆ ನೀರಿನ ದಾರಿ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಂದಿನಿಂದ ಯಾವ ಅಂದಾಜು ಪಟ್ಟಿ ಕೈಗೆ ಬಂದರೂ ಮೊದಲು ನೆಲದ ಕೆಳಗೆ ಎಷ್ಟು, ಮೇಲೆ ಎಷ್ಟು ಅಂತ ಎರಡಾಗಿ ಕೂಡುತ್ತೇನೆ. ಕೆಳಗೆ ಅಂದರೆ ಚರಂಡಿ, ಯುಜಿಡಿ ಅನ್ನುವ ಒಳಚರಂಡಿ, ನೀರಿನ ಕೊಳವೆ, ಕೇಬಲ್. ಮೇಲೆ ಅಂದರೆ ಕಲ್ಲು, ಕಂಬಿ, ದೀಪ, ಬಣ್ಣ. ಮೈಸೂರಿನ ನಡುಪೇಟೆಯಲ್ಲಿ ಈ ಲೆಕ್ಕ ಇನ್ನೂ ಮುಖ್ಯ. ಸಯ್ಯಾಜಿರಾವ್ ರಸ್ತೆ ಬಂದದ್ದೇ ಹಳೇ ಪೂರ್ಣಯ್ಯ ನಾಲೆಯ ಜಾಗದಲ್ಲಿ. ಅದೇ ರಸ್ತೆಯಲ್ಲಿ ಪ್ರತಿ ವರ್ಷ ಜಂಬೂಸವಾರಿ ಹೋಗುತ್ತದೆ. ದಸರಾ ಹತ್ತಿರ ಬಂದಂತೆ ಡಾಂಬರು, ಬಣ್ಣ ಎಲ್ಲ ಅವಸರದಲ್ಲಿ ಆಗುತ್ತವೆ. ಮೆರವಣಿಗೆಯ ದಾರಿ ಚೆನ್ನಾಗಿರಲಿ, ಬೇಡ ಅನ್ನುವವರು ಯಾರು? ಆದರೆ ಗಡುವು ಹತ್ತಿರ ಇಟ್ಟುಕೊಂಡು ಮಾಡುವ ಕೆಲಸ ಮೇಲುಮೇಲಿನದೇ ಆಗುತ್ತದೆ. ನೆಲ ಅಗೆಯಲು ಸಮಯವೇ ಇರುವುದಿಲ್ಲ.

ದೇವರಾಜ ಮಾರುಕಟ್ಟೆ ವಿಷಯಕ್ಕೆ ಬರಲೇಬೇಕು. ಅದರ ಹತ್ತಿರದಲ್ಲೇ ಇರುವ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ಕು ಜೀವ ಹೋಯಿತು. 2016ರ ಆಗಸ್ಟ್‌ನಲ್ಲಿ ದುರಸ್ತಿ ನಡೆಯುತ್ತಿದ್ದಾಗಲೇ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಉಳಿಸಬೇಕೋ, ಕೆಡವಿ ಕಟ್ಟಬೇಕೋ ಅನ್ನುವ ವಾದ ಹೈಕೋರ್ಟ್‌ವರೆಗೂ ಹೋಯಿತು. ಪರಂಪರೆ ತಜ್ಞರು ಒಂದು ಹೇಳಿದರು, ಎಂಜಿನಿಯರುಗಳು ಇನ್ನೊಂದು. ನನ್ನ ಮನಸ್ಸು ಉಳಿಸುವ ಕಡೆಗೇ ಇದೆ. ಆದರೆ ನನ್ನನ್ನು ಹೆಚ್ಚು ಕಾಡುವುದು ಬೇರೆ. ಸುಣ್ಣದ ಗಾರೆಯ ಕಟ್ಟಡ ಒಂದೇ ದಿನಕ್ಕೆ ಬೀಳುವುದಿಲ್ಲ. ತಾರಸಿಯ ನೀರಿನ ಕೊಳವೆ ಕಟ್ಟಿಕೊಳ್ಳುತ್ತದೆ. ಗೋಡೆ ನೀರು ಕುಡಿಯುತ್ತದೆ. ಸಂದಿಯಲ್ಲಿ ಅರಳಿ ಗಿಡ ಹುಟ್ಟುತ್ತದೆ. ಅದನ್ನು ಕಿತ್ತು ಗಾರೆ ಮೆತ್ತಲು ವರ್ಷಕ್ಕೆ ಬೇಕಾಗುವುದು ಚಿಕ್ಕ ಮೊತ್ತ. ಆ ಚಿಕ್ಕ ಮೊತ್ತಕ್ಕೆ ಬಜೆಟ್‌ನಲ್ಲಿ ಒಂದು ಸಾಲು ಇರುವುದಿಲ್ಲ, ಕೋಟಿಗಳ ಹೊಸ ಕಟ್ಟಡಕ್ಕೆ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಸಿದ್ಧವಾಗುತ್ತದೆ. ಹೊಸದು ಕಟ್ಟಿದರೂ ಇದೇ ಕಥೆ. ಮಳಿಗೆಯ ಬಾಡಿಗೆಯಲ್ಲಿ ಇಷ್ಟು ಪಾಲು ಅದೇ ಕಟ್ಟಡದ ನಿರ್ವಹಣೆಗೆ ಅಂತ ಬರೆದಿಡದಿದ್ದರೆ ಅದಕ್ಕೂ ಮುಪ್ಪು ಬೇಗ ಬರುತ್ತದೆ.

ಮಾರುಕಟ್ಟೆಯ ಹೊರಗೆ ಬುಟ್ಟಿ ಇಟ್ಟು ಹೂ, ವೀಳ್ಯದೆಲೆ ಮಾರುವ ಅಮ್ಮಂದಿರ ಹೆಸರು ಯಾವ ಕ್ರಿಯಾ ಯೋಜನೆಯಲ್ಲೂ ನಾನು ಕಂಡಿಲ್ಲ. ಅಗಲ ಫುಟ್‌ಪಾತ್ ಆದ ಮೇಲೆ ಮೊದಲು ಎಬ್ಬಿಸುವುದು ಅವರನ್ನೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಸದಸ್ಯರು ವ್ಯಾಪಾರಿಗಳೇ ಇರಬೇಕು. ಬೀದಿಯ ನಕ್ಷೆ ಬರೆಯುವ ದಿನವೇ ಆ ಸಮಿತಿಯನ್ನು ಕೂರಿಸಿದರೆ ಬುಟ್ಟಿಗೂ ಜಾಗ ಗುರುತಾಗುತ್ತದೆ. ಆಮೇಲೆ ಕರೆದರೆ ಸುಮ್ನೆ ಜಗಳ.

ಇದನ್ನೆಲ್ಲ ಕೇಳುವುದು ಯಾರನ್ನು ಅನ್ನುವ ಪ್ರಶ್ನೆ ನಿಜ. ಮೈಸೂರಿನ 65 ವಾರ್ಡುಗಳ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿದು, ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಮೂರು ಲಕ್ಷಕ್ಕಿಂತ ದೊಡ್ಡ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ 1993ರಿಂದಲೇ ಹೇಳುತ್ತಿದೆ. ಅದಕ್ಕೆ ಒತ್ತಾಯ ಮಾಡುತ್ತಲೇ ಇರಬೇಕು. ಅಲ್ಲಿಯವರೆಗೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದೆ. 2005ರ ಆ ಕಾಯ್ದೆಯಲ್ಲಿ ಕಾಗದದ ನಕಲು ಅಷ್ಟೇ ಅಲ್ಲ, ಕಾಮಗಾರಿಯನ್ನು ಹೋಗಿ ನೋಡುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಇದೆ. ಇದನ್ನು ಬಳಸಿದವರು ಬಹಳ ಕಡಿಮೆ.

ಪಾಲಿಕೆಯ ಹೊಸ ಲೆಕ್ಕ ಏಪ್ರಿಲ್‌ನಿಂದ ಶುರು. ಅರ್ಜಿಗೆ ಉತ್ತರ ಬರಲು 30 ದಿನದ ಅವಕಾಶ ಇರುತ್ತದೆ. ಹಾಗಾಗಿ ಡಿಸೆಂಬರ್‌ನಲ್ಲೇ ಅರ್ಜಿ ಹಾಕಿ. ನಮ್ಮ ಬೀದಿ ಕ್ರಿಯಾ ಯೋಜನೆಯಲ್ಲಿ ಇದೆಯೇ, ಯಾವ ಅನುದಾನ, ನೆಲದ ಕೆಳಗಿನ ಕೆಲಸ ಯಾವುದು, ನಿರ್ವಹಣೆಗೆ ಎಷ್ಟು ಅಂತ ಕೇಳಿ. ಉತ್ತರ ಬಂದ ಮೇಲೆ ಸಭೆ ಕರೆಯಿರಿ, ಬಜೆಟ್ ಪೂರ್ವಭಾವಿ ಸಭೆಗೂ ಅದೇ ಕಾಗದ ಹಿಡಿದು ಹೋಗಿ. ಹೋಗುವಾಗ ನಿಮ್ಮ ಬೀದಿಯಲ್ಲಿ ಮಳೆ ನೀರು ಎಲ್ಲಿ ನಿಲ್ಲುತ್ತದೆ, ಎತ್ತ ಹರಿಯುತ್ತದೆ ಅಂತ ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.