ವೈಫೈ ಬರಬೇಕಾದರೆ ವೈಫೈ ಬೇಕು

ಹಳೆಯ ಲ್ಯಾಪ್‌ಟಾಪ್ ತಂದು ‘ವಿಂಡೋಸ್ ಬದಲು ಇದಕ್ಕೆ ಲಿನಕ್ಸ್ ಹಾಕಿಕೊಡಿ, ಫ್ರೀ ಅಂತೆ’ ಎನ್ನುವವರನ್ನು ನಾನು ಮೊದಲು ಕೇಳುವುದು, ಇದರೊಳಗಿನ ವೈಫೈ ಚಿಪ್ ಯಾವುದು ಅಂತ. ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ, ಅಲ್ವಾ? ಆದರೆ ತೊಂದರೆ ಶುರುವಾಗುವುದೇ ಅಲ್ಲಿಂದ.

ಇನ್‌ಸ್ಟಾಲ್ ಮಾಡುವುದು ಈಗ ಸುಲಭ. ಪೆನ್‌ಡ್ರೈವ್ ಹಾಕಿ ನಾಲ್ಕು ಸಲ ಬಟನ್ ಒತ್ತಿದರೆ ಮುಗಿಯಿತು. ಆಮೇಲೆ ನೋಡಿದರೆ ಕೆಲವು ಸಲ ವೈಫೈ ಸುಳಿವೇ ಇರುವುದಿಲ್ಲ. ಎಷ್ಟೋ ಚಿಪ್‌ಗಳು ಓಡಬೇಕಾದರೆ ಫರ್ಮ್‌ವೇರ್ ಎಂಬ ಫೈಲ್ ಬೇಕು. ಅದು ಚಿಪ್ ಕಂಪನಿಯ ಸ್ವತ್ತು, ಅದರ ಸೋರ್ಸ್ ಕೋಡ್ ಹೊರಗೆ ಸಿಗುವುದಿಲ್ಲ. ಹಾಗಾಗಿ ಡೆಬಿಯನ್ ಎಂಬ ಲಿನಕ್ಸ್ ಬಗೆಯನ್ನು ಕಟ್ಟುವ, ಕೋಡ್ ಎಲ್ಲರಿಗೂ ತೆರೆದಿರಬೇಕೆನ್ನುವ ತತ್ವನಿಷ್ಠರು ಬಹಳ ವರ್ಷ ಅದನ್ನು ತಮ್ಮ ಮುಖ್ಯ ಇನ್‌ಸ್ಟಾಲರ್‌ಗೆ ಸೇರಿಸಲೇ ಇಲ್ಲ. ಇಂಟರ್ನೆಟ್‌ನಿಂದ ಇಳಿಸಿಕೊಳ್ಳೋಣ ಅಂದರೆ ವೈಫೈ ಇಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ! 2022ರಲ್ಲಿ ಡೆಬಿಯನ್‌ನವರು ಮತ ಹಾಕಿ ನಿಯಮ ಬದಲಿಸಿದರು. 2023ರಲ್ಲಿ ಬಂದ ಡೆಬಿಯನ್ 12ರಿಂದ ಆ ಫೈಲ್‌ಗಳು ಇನ್‌ಸ್ಟಾಲರ್‌ನಲ್ಲೇ ಇವೆ. (ತತ್ವ ಸಡಿಲವಾಯಿತು ಅಂತ ಬೇಸರಪಟ್ಟವರಿದ್ದಾರೆ. ನನಗಂತೂ ನಿರಾಳವಾಯಿತು.) ಆದರೂ ಬ್ರಾಡ್‌ಕಾಮ್ ಕಂಪನಿಯ ಕೆಲವು ಚಿಪ್‌ಗಳಿಗೆ ಇವತ್ತಿಗೂ ಡ್ರೈವರ್, ಅಂದರೆ ಚಿಪ್ಪನ್ನು ಲಿನಕ್ಸ್ ಜೊತೆ ಮಾತಾಡಿಸುವ ತಂತ್ರಾಂಶ, ಬೇರೆಯಾಗಿ ಹಾಕಬೇಕು. ಆಗ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚಿಕೊಳ್ಳುವುದು) ಆನ್ ಮಾಡಿಕೊಳ್ಳುತ್ತೇನೆ. ಸಾಮಾನ್ಯವಾಗಿ ಆ ದಾರಿಯಲ್ಲಿ ಇಂಟರ್ನೆಟ್ ಸಿಕ್ಕಿಬಿಡುತ್ತದೆ.

ತಮಾಷೆ ನೋಡಿ, ಹಾಗೆ ಕೈಹಿಡಿಯುವ ಆ ಫೋನಿನೊಳಗೂ ಇರುವುದು ಲಿನಕ್ಸ್ ಕರ್ನಲ್ಲೇ, ಅಂದರೆ ಲಿನಕ್ಸಿನ ತಿರುಳೇ. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಬರೆಯಲು ಶುರು ಮಾಡಿದ್ದೇ ಅದು. ಫೋನಿನಲ್ಲಿ ಅದು ಕಷ್ಟ ಅಂತ ಯಾರೂ ದೂರುವುದಿಲ್ಲ. ಯಾಕೆಂದರೆ ಯಾವ ಚಿಪ್‌ಗೆ ಯಾವ ಡ್ರೈವರ್ ಎನ್ನುವ ತಲೆನೋವನ್ನು ಫೋನ್ ಮಾಡಿದವರೇ ಮುಗಿಸಿರುತ್ತಾರೆ. ವಿಂಡೋಸ್ ಲ್ಯಾಪ್‌ಟಾಪಿನ ಕಥೆಯೂ ಅಷ್ಟೇ. ಅದೇ ಲ್ಯಾಪ್‌ಟಾಪಿಗೆ ನಾವು ಲಿನಕ್ಸ್ ಹಾಕಿದಾಗ, ಕಾರ್ಖಾನೆಯಲ್ಲಿ ಆಗಬೇಕಿದ್ದ ಜೋಡಣೆಯ ಕೆಲಸ ಮನೆಯ ಮೇಜಿನ ಮೇಲೆ ಬಂದು ಬೀಳುತ್ತದೆ.

ಮುಂದಿನ ಗೋಳು ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯದು. ಸೌಂಡ್ ಬರುತ್ತಿಲ್ಲ ಅಂತ ಹುಡುಕಿದರೆ ಯಾರೋ ಬರೆದ ಎರಡು ಸಾಲಿನ ಕಮಾಂಡ್ ಸಿಗುತ್ತದೆ. ಅದು ಆರು ವರ್ಷ ಹಳೆಯದು, ಬೇರೆ ಆವೃತ್ತಿಯದು. ಪಾಪ, ಲ್ಯಾಪ್‌ಟಾಪಿನವರು ಅದನ್ನು ಸುಮ್ನೆ ಕಾಪಿ ಮಾಡಿ ಹಾಕಿರುತ್ತಾರೆ. ಕಮಾಂಡಿನ ಶುರುವಿನಲ್ಲಿ ‘ಸುಡೊ’ ಅಂತ ಇದ್ದರೆ ಆ ಕಮಾಂಡ್‌ಗೆ ಇಡೀ ಸಿಸ್ಟಮ್‌ನ ಬೀಗದ ಕೈ ಕೊಟ್ಟ ಹಾಗೆ. ನನ್ನ ಬಳಿ ರಿಪೇರಿಗೆ ಬರುವವುಗಳಲ್ಲಿ ಲಿನಕ್ಸ್ ತಾನಾಗಿ ಕೆಟ್ಟದ್ದು ಕಡಿಮೆ, ಹೀಗೆ ಸರಿಮಾಡಲು ಹೋಗಿ ಕೆಟ್ಟದ್ದೇ ಜಾಸ್ತಿ.

ಆಯ್ಕೆಗಳು ವಿಪರೀತ ಅನ್ನುವ ದೂರೂ ಇದೆ. ಲಿನಕ್ಸಿನಲ್ಲೇ ಉಬುಂಟು, ಫೆಡೋರಾ, ಮಿಂಟ್ ಅಂತ ಬಗೆಗಳು. ಒಂದೇ ಆ್ಯಪ್‌ಗೆ ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಅಂತ ಬೇರೆ ಬೇರೆ ಪ್ಯಾಕೇಜ್‌ಗಳು. ನನಗೆ ಇದು ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಒಂದನ್ನು ಹಾಕಿಕೊಟ್ಟರೆ ಜನ ಅದನ್ನೇ ಬಳಸುತ್ತಾರೆ.

ಈಗ ನಾನು ಡಿಸ್ಕ್ ಅಳಿಸುವ ಮೊದಲು ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡುತ್ತೇನೆ. ವೈಫೈ, ಸೌಂಡ್, ಕ್ಯಾಮೆರಾ, ಅವರದೇ ಪ್ರಿಂಟರ್. ಕೊನೆಗೆ ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆಗೆಯುತ್ತೇನೆ. ನಿದ್ದೆಯಿಂದ ಏಳದ ಲ್ಯಾಪ್‌ಟಾಪುಗಳನ್ನು ವಿಂಡೋಸ್ ಸಮೇತ ಹಾಗೇ ವಾಪಸ್ ಕೊಟ್ಟಿದ್ದೇನೆ.