ಶರಾವತಿಗೆ ಅಳಿವೆ ಇದೆ, ಮುಖಜಭೂಮಿ ಏಕಿಲ್ಲ?

ಪ್ರಶ್ನೆ: ಅಳಿವೆ ಎಂದರೇನು? ಶರಾವತಿ, ಕಾಳಿಯಂಥ ನದಿಗಳು ಮುಖಜಭೂಮಿಯನ್ನು, ಅಂದರೆ ಕಡಲಂಚಿನಲ್ಲಿ ಹೂಳು ನಿಂತು ಆಗುವ ನೆಲವನ್ನು, ಏಕೆ ಕಟ್ಟುವುದಿಲ್ಲ?

ಉತ್ತರ: ಮೊದಲರ್ಧಕ್ಕೆ ಎರಡು ಸಾಲು ಸಾಕು. ನದಿ ಕಡಲಿಗೆ ಸೇರುವಲ್ಲಿ, ಉಬ್ಬರದ ಉಪ್ಪುನೀರು ಒಳನುಗ್ಗಿ ಸಿಹಿನೀರಿನೊಡನೆ ಬೆರೆಯುವ ಜಾಗವೇ ಅಳಿವೆ. ಮಂಗಳೂರಿನಲ್ಲಿ ದೋಣಿಗಳು ಅಲ್ಲಿಂದ ಕಡಲಿಗಿಳಿಯುವ ದಾರಿಯನ್ನು ಅಳಿವೆ ಬಾಗಿಲು ಎನ್ನುತ್ತಾರೆ.

ಉಳಿದರ್ಧಕ್ಕೆ ದಾವಣಗೆರೆಯ ಪರೀಕ್ಷಾರ್ಥಿಗಳ ಬಳಿ ಸಿದ್ಧ ಉತ್ತರವೊಂದಿದೆ: "ಪಶ್ಚಿಮಕ್ಕೆ ಹರಿಯುವ ನದಿಗಳಿಗೆ ವೇಗ ಹೆಚ್ಚು, ಹೂಳು ನಿಲ್ಲುವುದಿಲ್ಲ." ಎಷ್ಟು ಸಲ ತಿದ್ದಿದರೂ ಮುಂದಿನ ವರ್ಷ ಅದೇ ವಾಕ್ಯ, ಅದೇ ಧೈರ್ಯ! ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕುವುದು ನಿಜ. ಆದರೆ ಹೂಳು ನಿಲ್ಲಬೇಕಾದದ್ದು ಜೋಗದಲ್ಲಲ್ಲ, ನದಿ ಕಡಲು ಸೇರುವ ಹೊನ್ನಾವರದಲ್ಲಿ. ಜೋಗ ನೋಡಿಕೊಂಡು ಹೊನ್ನಾವರದ ಮೇಲೆ ಮುರ್ಡೇಶ್ವರಕ್ಕೆ ಹೋದವರೆಲ್ಲ ಅಲ್ಲಿನ ಶರಾವತಿ ಸೇತುವೆ ದಾಟಿದ್ದೀರಿ. ಬೇಸಿಗೆಯಲ್ಲಿ ಅಲ್ಲಿ ನದಿ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುವುದಿಲ್ಲ. ಉಬ್ಬರದ ವೇಳೆ ನೀರು ಹಿಂದಕ್ಕೇ ಸರಿಯುತ್ತದೆ. ವೇಗವೇ ಅಡ್ಡಿಯಾಗಿದ್ದರೆ ಹಿಮಾಲಯದಿಂದ ಇಳಿಯುವ ಗಂಗಾ, ಬ್ರಹ್ಮಪುತ್ರಾ ನದಿಗಳು ಜಗತ್ತಿನ ಅತಿ ದೊಡ್ಡ ಮುಖಜಭೂಮಿಯನ್ನು ಕಟ್ಟಿದ್ದು ಹೇಗೆ? ಬೆಟ್ಟದಲ್ಲಿ ರಭಸವಿದ್ದಷ್ಟೂ ನದಿ ಹೆಚ್ಚು ಮಣ್ಣು ಹೊತ್ತು ತರುತ್ತದೆ, ಕಡಿಮೆಯಲ್ಲ.

ಲೆಕ್ಕ ಹಾಕಬೇಕಾದದ್ದು ಹೂಳನ್ನು. ಮುಖಜಭೂಮಿ ಕಟ್ಟಿದ ಕೃಷ್ಣೆಯ ಉದ್ದ ಸುಮಾರು 1,400 ಕಿ.ಮೀ., ಶರಾವತಿಯದು 128. ಕಿರಿದಾದ ಜಲಾನಯನ, ಮೇಲೆ ಕಾಡು. ಬರುವ ಮಣ್ಣೇ ಕಡಿಮೆ. ಬಂದದ್ದನ್ನೂ ಮುಂಗಾರಿನ ಅಲೆಗಳು ದಂಡೆಯುದ್ದಕ್ಕೂ ಎಳೆದೊಯ್ಯುತ್ತವೆ. ಜೊತೆಗೆ, ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಕಡಲಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಅದು ಏರಿದಾಗ ಕಣಿವೆಗಳ ತುದಿ ಮುಳುಗಿತು. ಆ ಕಣಿವೆಗಳನ್ನು ತುಂಬುವಷ್ಟು ಮಣ್ಣು ಈ ನದಿಗಳಿಗೆ ಒದಗಲಿಲ್ಲ. ನರ್ಮದೆಯ ಕಥೆ ಬೇರೆ. ಅದು ತರುವ ಹೂಳು ಸಾಕಷ್ಟಿದ್ದರೂ ಖಂಭಾತ್ ಕೊಲ್ಲಿಯ ಭಾರಿ ಉಬ್ಬರವಿಳಿತ ನಿಲ್ಲಗೊಡುವುದಿಲ್ಲ.

ಹಾಗಾದರೆ ಹರಿಹರದ ತುಂಗಭದ್ರೆ? ಕೃಷ್ಣೆಯನ್ನು ಸೇರಿ ಆಂಧ್ರದ ಮುಖಜಭೂಮಿಗೆ ಹೋಗುತ್ತದೆ. ನಮ್ಮ ಹೊಳೆಯ ಮಣ್ಣಿಗೂ ಅಲ್ಲಿ ಪಾಲುಂಟು.

ಅಳಿವೆಯ ಉಪ್ಪುನೀರಿನಲ್ಲಿ ಬೇಸಾಯ ಸಾಧ್ಯವೇ ಎಂದು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಭದ್ರಾ ನಾಲೆಯ ನೀರಿಗೆ ಕಾಯುವ ನಮ್ಮ ಭತ್ತದ ರೈತರು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯನ್ನು ನೋಡಬೇಕು. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿದ ಜಾಗವದು. ಅಲ್ಲಿ ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಉಪ್ಪನ್ನೂ ನೆರೆಯನ್ನೂ ತಾಳಿಕೊಂಡು ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ ಹಿಡಿಯುತ್ತಾರೆ.