ಚೆಂದದ ಮುಖಕ್ಕೇ ಮೊದಲ ಮಣೆಯೇ?

ಪ್ರಶ್ನೆ: ನಾನು ಮಡಿಕೇರಿಯಲ್ಲಿ ಪದವಿ ಓದುತ್ತಿದ್ದೇನೆ. ಮೂರು ವರ್ಷಗಳಿಂದ ಕಾಲೇಜು ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದೇನೆ. ಹೋದ ತಿಂಗಳು ಒಂದು ಧಾರಾವಾಹಿಯ ಆಡಿಷನ್‌ಗೆ ಹೋಗಿದ್ದೆ. ಜೊತೆಗಿರಲೆಂದು ಗೆಳತಿಯೂ ಬಂದಿದ್ದಳು. ಅವಳಿಗೆ ನಟನೆ ಹೊಸದು, ಆದರೆ ನೋಡಲು ತುಂಬಾ ಚೆಂದ. ನನ್ನನ್ನು ಎರಡು ಸಾಲು ಓದಿಸಿ ಕಳುಹಿಸಿದರು, ಅವಳು ಆಯ್ಕೆಯಾದಳು. ಅಂದಿನಿಂದ ಅವಳೊಂದಿಗೆ ಸರಿಯಾಗಿ ಮಾತನಾಡಿಲ್ಲ. ರೂಪವಂತರಿಗೆ ಸಿನಿಮಾ, ಟಿವಿಯಲ್ಲಿ ಸಿಗುವ ಈ ಲಾಭ ಅನ್ಯಾಯವಲ್ಲವೇ?

ಉತ್ತರ: ಹೌದು, ಅನ್ಯಾಯವೇ. ‘ಪ್ರತಿಭೆಯಿದ್ದರೆ ಯಾರೂ ತಡೆಯಲಾರರು’ ಎಂದು ನಿಮ್ಮನ್ನು ಸಮಾಧಾನಪಡಿಸಲು ನನಗೆ ಮನಸ್ಸಿಲ್ಲ. ತಡೆಯುತ್ತಾರೆ, ಬಾಗಿಲಲ್ಲಿಯೇ ತಡೆಯುತ್ತಾರೆ. ಆದರೆ ಆ ಅನ್ಯಾಯ ಯಾರು ಮಾಡಿದ್ದು, ಎಲ್ಲಿ ಆಗಿದ್ದು ಎಂಬುದನ್ನು ಬಿಡಿಸಿ ನೋಡಬೇಕು. ಇದೇ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಎಷ್ಟೋ ಮಂದಿ ಕೇಳಿದ್ದಾರೆ. ನಾನೂ ಒಮ್ಮೆ ಇಂಥ ಅನ್ಯಾಯ ಮಾಡಿದ್ದೇನೆ, ಅದನ್ನೇ ಮೊದಲು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಸೋಮವಾರಪೇಟೆ ಕಡೆಯ ಒಂದು ಶಾಲೆಯಲ್ಲಿ ಮಕ್ಕಳ ನಾಟಕಕ್ಕೆ ಪಾತ್ರಧಾರಿಗಳನ್ನು ಆರಿಸುತ್ತಿದ್ದೆ. ತಗಡಿನ ಮಾಡಿನ ಸಭಾಂಗಣ, ಹೊರಗೆ ಕಕ್ಕಡ ತಿಂಗಳ ಮಳೆ. ತಗಡಿನ ಮೇಲೆ ಆ ಮಳೆ ಬಿದ್ದರೆ ಹೇಗಿರುತ್ತದೆಂದು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ಪಕ್ಕದಲ್ಲಿ ಕುಳಿತವರ ಮಾತಿಗೂ ಕಿವಿ ಕೊಡಬೇಕು. ಮಕ್ಕಳು ಒಬ್ಬೊಬ್ಬರಾಗಿ ಬಂದು ಪುಟ ಹಿಡಿದು ಓದಿದರು, ನಾನು ಗುರುತು ಹಾಕುತ್ತಾ ಹೋದೆ. ಸಂಜೆ ಪಟ್ಟಿ ಮುಂದಿಟ್ಟುಕೊಂಡು, ರಾಣಿಯ ಪಾತ್ರಕ್ಕೆ ಬರೆದುಕೊಂಡ ಹುಡುಗಿಯ ಧ್ವನಿ ಹೇಗಿತ್ತೆಂದು ನೆನಪಿಸಿಕೊಳ್ಳಲು ಹೋದೆ. ನೆನಪಾಗಲಿಲ್ಲ, ಏಕೆಂದರೆ ಅದು ನನಗೆ ಕೇಳಿಸಿಯೇ ಇರಲಿಲ್ಲ. ಅಷ್ಟೂ ಮಕ್ಕಳ ಓದಿಗೆ ನಾನು ಅಂಕ ಕೊಟ್ಟಿದ್ದು ಕಣ್ಣಿನಿಂದ.

ಮರುದಿನ ಹೆಂಚಿನ ಮಾಡಿನ ತರಗತಿಯೊಳಗೆ, ಗೋಡೆಯ ಕಡೆ ಮುಖ ಮಾಡಿ ಕುಳಿತು, ಅದೇ ಪುಟವನ್ನು ಮತ್ತೆ ಓದಿಸಿದೆ. ರಾಣಿಯ ಮಾತನ್ನು ರಾಣಿಯಂತೆಯೇ ಹೇಳಿದ ಧ್ವನಿ ಕೇಳಿ ತಿರುಗಿದರೆ, ಹಿಂದಿನ ದಿನ ‘ಗುಂಪಿನಲ್ಲಿ ನಿಲ್ಲಲಿ’ ಎಂದು ನಾನು ಬರೆದಿಟ್ಟಿದ್ದ ಹುಡುಗಿ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುತ್ತಿದ್ದವಳು, ಮುಂದಿನ ಹಲ್ಲೊಂದು ಮುರಿದಿತ್ತು. ಮೊದಲ ದಿನ ರಾಣಿಯಾಗಿದ್ದ ಚೆಂದದ ಹುಡುಗಿ ಅಳುತ್ತಾಳೇನೋ ಎಂದು ನನಗೆ ಹೆದರಿಕೆ. ಅವಳು ಹತ್ತಿರ ಬಂದು, ‘ನನಗೆ ಕಳ್ಳನ ಪಾತ್ರ ಕೊಡಿ’ ಎಂದಳು. ಕೊಟ್ಟೆ. ಆ ನಾಟಕದಲ್ಲಿ ಜನ ಹೆಚ್ಚು ನಕ್ಕಿದ್ದು ಆ ಕಳ್ಳನಿಗೇ.

ಮುಖ ನೋಡಿ ಮಣೆ ಹಾಕುವುದೆಂದರೆ ಇದೇ. ಈ ಗುಣವನ್ನು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬವರು, ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದರು. ಮೈಕಟ್ಟಿಗೆ ಒಳ್ಳೆಯ ಅಂಕ ಪಡೆದವರಿಗೆ ಬುದ್ಧಿ, ನಾಯಕತ್ವ, ನಡತೆಗೂ ಒಳ್ಳೆಯ ಅಂಕವೇ ಬಿದ್ದಿತ್ತು. ಒಂದು ಗುಣದ ಪ್ರಭೆ ಉಳಿದ ಗುಣಗಳ ಮೇಲೂ ಹರಡುತ್ತದೆ, ನೋಡುವವರಿಗೆ ಅದರ ಅರಿವೇ ಇರುವುದಿಲ್ಲ. ಇದರ ಲಾಭ ಸಿನಿಮಾಕ್ಕೆ ಸೀಮಿತವೂ ಅಲ್ಲ. ಡೇನಿಯಲ್ ಹ್ಯಾಮರ್‌ಮೆಶ್, ಜೆಫ್ ಬಿಡಲ್ ಎಂಬ ಅರ್ಥಶಾಸ್ತ್ರಜ್ಞರು 1994ರಲ್ಲಿ ಅಮೆರಿಕ ಮತ್ತು ಕೆನಡಾದ ದುಡಿಯುವವರ ಲೆಕ್ಕ ಹಾಕಿದಾಗ, ರೂಪ ಕಡಿಮೆ ಎಂದು ಗುರುತಿಸಲಾದವರು ಸಾಧಾರಣ ರೂಪದವರಿಗಿಂತ ಶೇ 5ರಿಂದ 10ರಷ್ಟು ಕಡಿಮೆ ಸಂಪಾದಿಸುತ್ತಿದ್ದರು. ಚೆಂದವಿದ್ದವರು ಸಾಧಾರಣದವರಿಗಿಂತ ತುಸು ಹೆಚ್ಚು. ಅಂಗಡಿ, ಬ್ಯಾಂಕು, ಕಚೇರಿಗಳ ಕಥೆಯೇ ಹೀಗಾದರೆ, ಮುಖವನ್ನು ನಲವತ್ತು ಅಡಿ ಪರದೆಯ ತುಂಬ ತೋರಿಸುವ ಕಸುಬಿನಲ್ಲಿ ಹೇಗಿರಬೇಡ?

2006ರ ಇನ್ನೊಂದು ಪ್ರಯೋಗ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಾರ್ಕಸ್ ಮೋಬಿಯಸ್, ತಾನ್ಯಾ ರೋಸೆನ್‌ಬ್ಲಾಟ್ ಎಂಬವರು ಕಂಪ್ಯೂಟರಿನಲ್ಲಿ ಚಕ್ರವ್ಯೂಹದಂಥ ಒಗಟುಗಳನ್ನು ಬಿಡಿಸುವ ಕೆಲಸ ಕೊಟ್ಟರು. ಚೆಂದವಿದ್ದವರು ಆ ಕೆಲಸದಲ್ಲಿ ಬೇರೆಯವರಿಗಿಂತ ಒಂದಿಷ್ಟೂ ಮೇಲಿರಲಿಲ್ಲ. ಆದರೂ ‘ಇವರು ಹೆಚ್ಚು ಬಿಡಿಸುತ್ತಾರೆ’ ಎಂದು ಕೂಲಿ ನಿಗದಿ ಮಾಡುವವರು ಎಣಿಸಿದರು. ಮುಖ ಕಾಣದೆ ಫೋನಿನಲ್ಲಿ ಮಾತನಾಡಿಸಿದಾಗಲೂ ಹಾಗೆಯೇ ಎಣಿಸಿದರು! ಚಿಕ್ಕಂದಿನಿಂದ ‘ಚೆಂದ, ಚೆಂದ’ ಎಂದು ಕೇಳಿಸಿಕೊಂಡು ಬೆಳೆದವರ ಮಾತಿನಲ್ಲೇ ಒಂದು ಧೈರ್ಯ, ಒಂದು ಸರಾಗ ಬಂದುಬಿಟ್ಟಿರುತ್ತದೆ. ರೂಪದ ಲಾಭದಲ್ಲಿ ಹೀಗೆ ಮಾತಿನ ಪಾಲೂ ಇದೆ. ಮೂಗನ್ನು ಯಾರೂ ಅಭ್ಯಾಸದಿಂದ ನೇರ ಮಾಡಿಕೊಳ್ಳಲಾರರು, ಮಾತನ್ನು ಮಾಡಿಕೊಳ್ಳಬಹುದು.

ಈಗ ನಮ್ಮೂರಿನ ಹಾಕಿಯನ್ನು ನೋಡಿ. 1997ರಿಂದ ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬ ನಡೆಯುತ್ತಿದೆ. ಯಾವ ಒಕ್ಕದವರೂ (ಕುಟುಂಬದವರೂ) ಸೆಂಟರ್ ಫಾರ್ವರ್ಡ್‌ನನ್ನು ಮುಖ ನೋಡಿ ಆರಿಸುವುದಿಲ್ಲ, ಏಕೆಂದರೆ ಅಲ್ಲಿ ಗೋಲಿನ ಲೆಕ್ಕವಿದೆ, ಚೆಂಡು ಗೆರೆ ದಾಟಿತೋ ಇಲ್ಲವೋ ಎಲ್ಲರಿಗೂ ಕಾಣುತ್ತದೆ. ನಟನೆಗೆ ಅಂಥ ಗೋಲಿಲ್ಲ. ಅಳತೆ ಸಡಿಲವಿದ್ದಲ್ಲೆಲ್ಲ ಮುಖ ನುಸುಳುತ್ತದೆ. ಅಳತೆ ಬಿಗಿಯಾಗಿದೆ ಎಂದು ನಾವು ನಂಬಿರುವ ಸಂಗೀತದಲ್ಲೂ ನುಸುಳುತ್ತದೆ. 2013ರಲ್ಲಿ ಚಿಯಾ-ಜುಂಗ್ ತ್ಸೈ ಎಂಬ ಸಂಶೋಧಕಿ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಸ್ಪರ್ಧೆಗಳ ಅಂತಿಮ ಸುತ್ತಿನ ತುಣುಕುಗಳನ್ನು ಜನರ ಮುಂದಿಟ್ಟು ಗೆದ್ದವರನ್ನು ಗುರುತಿಸಲು ಹೇಳಿದರು. ಬರೀ ಧ್ವನಿ ಕೇಳಿದವರು ಸೋತರು. ಧ್ವನಿಯಿಲ್ಲದ ವಿಡಿಯೊ ನೋಡಿದವರೇ ಹೆಚ್ಚಾಗಿ ಸರಿಯಾಗಿ ಗುರುತಿಸಿದರು. ನುರಿತ ಸಂಗೀತಗಾರರೂ ಹಾಗೆಯೇ. ಅಲ್ಲಿ ಕಣ್ಣು ಹಿಡಿದದ್ದು ಬರೀ ರೂಪವನ್ನಲ್ಲ, ನುಡಿಸುವವರ ಮೈಯ ತನ್ಮಯತೆಯನ್ನೂ ಹಿಡಿದಿತ್ತು. ಆದರೂ ಕಿವಿಯ ಕೆಲಸವನ್ನು ಕಣ್ಣು ಕಸಿದುಕೊಂಡದ್ದು ನಿಜ.

ಆಕಾಶವಾಣಿಯ ಸಂಗೀತ ಆಡಿಷನ್‌ನಲ್ಲಿ ಕಲಾವಿದರ ಹೆಸರನ್ನೂ ಮುಖವನ್ನೂ ತೀರ್ಪುಗಾರರಿಂದ ಮರೆಮಾಡುವ ಪದ್ಧತಿಯಿದೆ. ನಮ್ಮ ಹಿನ್ನೆಲೆ ಗಾಯನವೂ ತಿಳಿದೋ ತಿಳಿಯದೆಯೋ ಇಂಥದೇ ಕೆಲಸ ಮಾಡಿತು. ಎಸ್. ಜಾನಕಿ, ಪಿ.ಬಿ. ಶ್ರೀನಿವಾಸ್ ಅವರ ಮುಖವನ್ನು ಎಷ್ಟೋ ಮಂದಿ ನೋಡಿಯೇ ಇರಲಿಲ್ಲ, ಧ್ವನಿ ಮನೆಮನೆಯಲ್ಲಿತ್ತು. ಇಂದು ರಿಯಾಲಿಟಿ ಷೋನಲ್ಲಿ ಹಾಡಲು ಹೋಗುವ ಮಕ್ಕಳಿಗೆ ಮೊದಲು ಮೇಕಪ್ ಕೋಣೆ ತೋರಿಸುತ್ತಾರೆ. ನನಗೆ ಇದು ದೊಡ್ಡ ನಷ್ಟವಾಗಿಯೇ ಕಾಣುತ್ತದೆ.

ಕೊಡಗಿನಲ್ಲಿ ಕುಳಿತು ಈ ವಿಷಯ ಮಾತನಾಡುವಾಗ ಒಂದು ಮಾತನ್ನು ತಪ್ಪಿಸಿಕೊಳ್ಳಲಾಗದು. ಬೆಂಗಳೂರಿನಲ್ಲಿ ಊರು ಯಾವುದೆಂದು ಹೇಳಿದ ಕೂಡಲೇ ‘ಓ, ಕೊಡಗಿನವರಾ? ಅಲ್ಲಿಯವರೆಲ್ಲ ಚೆಂದ’ ಎನ್ನುತ್ತಾರೆ. 2011ರ ಜನಗಣತಿಯಲ್ಲಿ ಐದೂವರೆ ಲಕ್ಷ ಜನರಿದ್ದ ಈ ಪುಟ್ಟ ಜಿಲ್ಲೆಯಿಂದ ಪ್ರೇಮಾ, ಹರ್ಷಿಕಾ ಪೂಣಚ್ಚ, ನಿಧಿ ಸುಬ್ಬಯ್ಯ, ರಶ್ಮಿಕಾ ಮಂದಣ್ಣ ಹೀಗೆ ಸಾಲಾಗಿ ನಟಿಯರು ಬಂದದ್ದು ಆ ಮಾತಿಗೆ ಪುಷ್ಟಿ ಕೊಟ್ಟಿದೆ. ವಿರಾಜಪೇಟೆಯ ರಶ್ಮಿಕಾ 2014ರಲ್ಲಿ ಒಂದು ಸೌಂದರ್ಯವರ್ಧಕ ಕಂಪನಿಯ ಸ್ಪರ್ಧೆ ಗೆದ್ದು, 2016ರ ಕೊನೆಯಲ್ಲಿ ಮೊದಲ ಚಿತ್ರದಲ್ಲಿ ಕಾಣಿಸಿಕೊಂಡರು. ಬಾಗಿಲು ತೆರೆಯುವುದರಲ್ಲಿ ಮುಖಕ್ಕೆ ಪಾಲಿತ್ತು. ಆಮೇಲೆ ನಾಲ್ಕಾರು ಭಾಷೆಗಳಲ್ಲಿ ದುಡಿದದ್ದು ಅವರ ಶ್ರಮ. ಅಶ್ವಿನಿ ನಾಚಪ್ಪ ಅವರ ದಾರಿಯೇ ಬೇರೆ. ಓಟದ ಅಂಗಳದಲ್ಲಿ ಹೆಸರು ಮಾಡಿದ ಮೇಲೆ 1991ರಲ್ಲಿ ತೆಲುಗು ಚಿತ್ರವೊಂದು ಅವರನ್ನೇ ಹುಡುಕಿಕೊಂಡು ಬಂತು.

ಆದರೆ ‘ಕೊಡಗಿನವರೆಲ್ಲ ಚೆಂದ’ ಎನ್ನುವಾಗ ಆ ‘ಎಲ್ಲ’ರಲ್ಲಿ ಯಾರಿದ್ದಾರೆ? ಎತ್ತರದ ನಿಲುವು, ಬೆಳ್ಳಗಿನ ಬಣ್ಣ, ನೀಳ ಮೂಗು. ಅಷ್ಟೇ. ಎರವರು, ಜೇನು ಕುರುಬರು, ಕುಡಿಯರು, ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದವರು ಆ ಮಾತಿನೊಳಗೆ ಬರುವುದಿಲ್ಲ. ಅವರೂ ಕೊಡಗಿನವರೇ. ಮೇ ತಿಂಗಳಲ್ಲಿ ಈ ಬುಡಕಟ್ಟಿನವರು ಆಚರಿಸುವ ದೇವರಪುರದ ಕುಂಡೆ ಹಬ್ಬಕ್ಕೆ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ. ಮುಖಕ್ಕೆ ಬಣ್ಣ, ಮೈಗೆ ಸೊಪ್ಪು, ಹರಿದ ಚೀಲ, ಗಂಡಸರಿಗೆ ಹೆಂಗಸರ ವೇಷ. ದೇವರನ್ನೂ ಬಿಡದೆ ಬೈಯುತ್ತಾ, ಡಬ್ಬ ಬಡಿಯುತ್ತಾ ಗೋಣಿಕೊಪ್ಪಲಿನ ಬೀದಿಯಲ್ಲಿ ಅಂಗಡಿ ಅಂಗಡಿಗೆ ಬಂದು ಕಾಸು ಕೇಳುವಾಗ, ಆ ಸಮಯಪ್ರಜ್ಞೆ, ಆ ದನಿಯ ಏರಿಳಿತ, ನೋಡುಗರನ್ನು ಹಿಡಿದು ನಿಲ್ಲಿಸುವ ಶಕ್ತಿಯನ್ನು ನಾನು ಎಷ್ಟೋ ತರಬೇತಾದ ನಟರಲ್ಲಿ ಕಂಡಿಲ್ಲ. ಯಾವ ಆಡಿಷನ್‌ನವರು ಅವರನ್ನು ಕರೆದಿದ್ದಾರೆ? ಚೆಂದದ ಅಳತೆಗೋಲನ್ನು ಕೆಲವೇ ಮಂದಿ ತಯಾರಿಸಿ ಎಲ್ಲರ ಮುಖಕ್ಕೂ ಹಿಡಿಯುತ್ತಿದ್ದಾರೆ. ನನ್ನ ಸಿಟ್ಟು ಅಲ್ಲಿದೆ. ಬಿಳುಪಿನ ಕ್ರೀಮೊಂದು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಪದವನ್ನು ತೆಗೆದುಹಾಕಿತು, ಆದರೆ ನಾಯಕಿಯ ಬಣ್ಣ ಬದಲಾಗಲಿಲ್ಲ.

ಅಳತೆಗೋಲನ್ನು ಮುರಿದು ಒಳಗೆ ಹೋದವರು ಇಲ್ಲವೆಂದಲ್ಲ. ಉಬ್ಬುಹಲ್ಲಿನ ನರಸಿಂಹರಾಜು, ಕಿವಿ ಮಂದವಾಗಿದ್ದ ಬಾಲಕೃಷ್ಣ ಕನ್ನಡ ಚಿತ್ರರಂಗದ ಆಧಾರಸ್ತಂಭಗಳಾಗಿದ್ದರು. ಆದರೆ ಈ ಪಟ್ಟಿಯಲ್ಲಿ ಗಂಡಸರೇ ಹೆಚ್ಚು. ಹೆಂಗಸರಿಗೆ ಆ ರಿಯಾಯಿತಿ ಸಿಕ್ಕಿದ್ದು ಕಡಿಮೆ. ರಂಗಭೂಮಿಯಲ್ಲಿ ಪಳಗಿ ಬಂದ ಉಮಾಶ್ರೀ ಅವರಿಂದ ವರ್ಷಗಟ್ಟಲೆ ನಗಿಸುವ ಪಾತ್ರಗಳನ್ನೇ ಮಾಡಿಸಿದರು. 2008ರ ‘ಗುಲಾಬಿ ಟಾಕೀಸ್’ ಅವರಿಗೆ ರಾಷ್ಟ್ರಪ್ರಶಸ್ತಿ ತಂದಾಗ ‘ಇಷ್ಟು ದೊಡ್ಡ ನಟಿಯೇ’ ಎಂದು ಬೆರಗಾದವರಿದ್ದರು. ನಾಟಕ ನೋಡುತ್ತಿದ್ದವರಿಗೆ ಅದು ಮೊದಲೇ ತಿಳಿದಿತ್ತು.

ಚೆಂದವಿದ್ದವರಿಗೂ ಇದು ಪುಕ್ಕಟೆಯಲ್ಲ. ಐವತ್ತು ದಾಟಿದ ನಾಯಕನಿಗೆ ಇಪ್ಪತ್ತೈದರ ನಾಯಕಿಯನ್ನು ಹುಡುಕುವ ಕಡೆ ಅವರ ಅವಧಿ ಗಿಡ್ಡ. ಮಲಯಾಳಂ ಚಿತ್ರರಂಗದ ಮಹಿಳೆಯರ ಸ್ಥಿತಿಗತಿ ಕುರಿತ ಕೇರಳದ ಹೇಮಾ ಸಮಿತಿಯ ವರದಿ 2024ರಲ್ಲಿ ಹೊರಬಂದ ಮೇಲೆ, ತೆರೆಯ ಹಿಂದೆ ಹೆಣ್ಣುಮಕ್ಕಳು ಏನನ್ನೆಲ್ಲ ಎದುರಿಸುತ್ತಾರೆಂದು ಎಲ್ಲರಿಗೂ ಗೊತ್ತಾಗಿದೆ.

ನೀವೇನು ಮಾಡಬಹುದು? ಫೋಟೊ ಮೊದಲು ಕೇಳುವವರಿಗೂ ಫೋಟೊದ ಜೊತೆಗೇ ಒಂದು ನಿಮಿಷದ ಸಂಭಾಷಣೆಯ ವಿಡಿಯೊ ಕಳುಹಿಸಿ. ಮಡಿಕೇರಿ ಆಕಾಶವಾಣಿ ನಿಮ್ಮ ಊರಿನಲ್ಲೇ ಇದೆ. ನಾಟಕ ವಿಭಾಗದ ಧ್ವನಿ ಪರೀಕ್ಷೆ ಯಾವಾಗ ಎಂದು ಹೋಗಿ ವಿಚಾರಿಸಿ. ಪರದೆಯ ಮೇಲೆ ತುಟಿ ಒಬ್ಬರದು, ಧ್ವನಿ ಇನ್ನೊಬ್ಬರದು ಆಗಿರುವ ನಮ್ಮ ಚಿತ್ರರಂಗದಲ್ಲಿ ಕಂಠದಾನವೂ ಮರ್ಯಾದೆಯ ವೃತ್ತಿಯೇ. ಪದವಿ ಮುಗಿದ ಮೇಲೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಅರ್ಜಿ ಹಾಕಿ. ಅಲ್ಲಿ ಒಂದು ವರ್ಷ ಧ್ವನಿಗೂ ದೇಹಕ್ಕೂ ಸಿಗುವ ಸಾಣೆ ಆಡಿಷನ್ ಕೋಣೆಯ ಮೊದಲ ಅರ್ಧ ನಿಮಿಷದಲ್ಲೇ ಕಾಣುತ್ತದೆ.

ಇನ್ನು ನಿಮ್ಮ ಗೆಳತಿಯ ವಿಷಯ. ಅವಳು ನಿಮ್ಮಿಂದ ಏನನ್ನೂ ಕಸಿದುಕೊಂಡಿಲ್ಲ. ನಿಮ್ಮನ್ನು ಎರಡೇ ಸಾಲು ಓದಿಸಿದರು ಎಂದಿರಿ. ಅವಳ ಓದನ್ನಾದರೂ ಅವರು ಕೇಳಿರುತ್ತಾರೆ ಎಂದು ನನಗನ್ನಿಸುವುದಿಲ್ಲ. ಅವಳು ಕ್ಯಾಮೆರಾ ಎದುರು ನಿಲ್ಲಬೇಕಾದ ದಿನ ಹತ್ತಿರ ಬರುತ್ತಿದೆ, ಹೇಗೆ ನಿಲ್ಲಬೇಕೆಂದು ಅವಳಿಗೆ ಹೇಳಿಕೊಟ್ಟವರಿಲ್ಲ. ನಾಳೆ ಕಾಲೇಜಿನಲ್ಲಿ ಅವಳನ್ನು ನೀವೇ ಮಾತನಾಡಿಸಿ. ಅವಳ ದೃಶ್ಯದ ಪುಟಗಳನ್ನು ತರಿಸಿ ಓದಿಸಿ, ನೀವು ಅತ್ತ ತಿರುಗಿ ಕುಳಿತು ಕೇಳಿ. ಆಮೇಲೆ ನೀವು ಓದಿ, ಅವಳು ಕೇಳಲಿ.